ತೂಕ ಇಳಿಸೋ ಆಪರೇಷನ್: ಎಲ್ರೂ ಕೇಳೋ ಪ್ರಶ್ನೆಗಳು, ನಂಗೆ ಗೊತ್ತಿರೋ ಉತ್ತರಗಳು

ಆರು ವರ್ಷದ ಹಿಂದೆ ನಾನು ಗ್ಯಾಸ್ಟ್ರಿಕ್ ಬೈಪಾಸ್ ಅನ್ನೋ ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡೆ. ಆವತ್ತು 132 ಕೆಜಿ ಇದ್ದೆ, ಎತ್ತರ 168 ಸೆಂಟಿಮೀಟರ್. ಈಗ 92. ವಿಷಯ ಗೊತ್ತಾದಾಗಿಂದ ಪರಿಚಯದವ್ರು, ಅವ್ರ ಪರಿಚಯದವ್ರು, ಯಾರೋ ನಂಬರ್ ಕೊಟ್ರು ಅಂತ ಫೋನ್ ಮಾಡೋರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಅದೇ ಇಪ್ಪತ್ತು ಪ್ರಶ್ನೆ. ಹೇಳಿದ್ದೇ ಹೇಳಿ ಸಾಕಾಯ್ತು, ಅದಕ್ಕೆ ಒಂದ್ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟರ್ ಅಲ್ಲ, ಪೇಷಂಟ್. ಓದಿ ತಿಳ್ಕೊಂಡಿದ್ದು ಒಂದಷ್ಟು, ಅನುಭವಿಸಿ ಕಲ್ತಿದ್ದು ಒಂದಷ್ಟು. ನಿಮ್ಮ ಹೊಟ್ಟೆ ವಿಷಯದಲ್ಲಿ ಕೊನೇ ಮಾತು ನಿಮ್ಮ ಸರ್ಜನ್‌ದು, ನಂದಲ್ಲ.

ನಾನೂ ದಪ್ಪ ಇದೀನಿ, ನಂಗೂ ಆಪರೇಷನ್ ಬೇಕಾ?

ದಪ್ಪ ಇದ್ದೋರಿಗೆಲ್ಲ ಬೇಕಾಗಲ್ಲ. ಮೊದಲು ಬಿಎಂಐ ಲೆಕ್ಕ ಹಾಕಿ: ಕೆಜಿಯಲ್ಲಿರೋ ತೂಕಾನ ಮೀಟರ್‌ನಲ್ಲಿರೋ ಎತ್ತರದಿಂದ ಎರಡು ಸಲ ಭಾಗಿಸ್ಬೇಕು. ನಂದು 132ನ 1.68ರಿಂದ ಒಂದ್ಸಲ, ಬಂದಿದ್ದನ್ನ ಮತ್ತೆ 1.68ರಿಂದ ಭಾಗಿಸಿದ್ರೆ 46.8 ಬರತ್ತೆ. 1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮ ಏನಿತ್ತು ಅಂದ್ರೆ ಬಿಎಂಐ 40 ದಾಟಿರ್ಬೇಕು, ಇಲ್ಲಾ 35 ದಾಟಿ ಜೊತೆಗೆ ಶುಗರ್ರೋ ಬಿಪಿನೋ ನಿದ್ದೇಲಿ ಉಸಿರುಕಟ್ಟೋ ಕಾಯಿಲೆನೋ ಇರ್ಬೇಕು. ಮೂವತ್ತು ವರ್ಷ ಅದೇ ನಡೀತು. 2022ರಲ್ಲಿ ಬೇರಿಯಾಟ್ರಿಕ್, ಅಂದ್ರೆ ತೂಕ ಇಳಿಸೋ ಆಪರೇಷನ್ ಮಾಡೋ, ಸರ್ಜನ್‌ಗಳ ಎರಡು ದೊಡ್ಡ ಸಂಘಗಳು ಸೇರಿ ಬದಲಾಯಿಸಿದ್ವು: 35 ದಾಟಿದ್ರೆ ಬೇರೆ ಕಾಯಿಲೆ ಇಲ್ದಿದ್ರೂ ಆಪರೇಷನ್ ಸಲಹೆ ಕೊಡಬಹುದು, 30ರಿಂದ 35ರೊಳಗಿದ್ದು ಶುಗರ್ ಇದ್ರೆ ಅವ್ರ ಬಗ್ಗೆನೂ ಯೋಚನೆ ಮಾಡಬಹುದು, ಏಷ್ಯಾ ಮೂಲದವ್ರಿಗೆ ಈ ಗೆರೆ ಇನ್ನೂ ಕೆಳಗೆ, 27.5ರಿಂದ್ಲೇ. ಯಾಕಂದ್ರೆ ಏಷ್ಯಾದೋರಿಗೆ ಅಷ್ಟೇ ಬಿಎಂಐಗೂ ಹೊಟ್ಟೆ ಒಳಗಡೆ ಕೊಬ್ಬು ಜಾಸ್ತಿ ಕೂತಿರತ್ತೆ, ಶುಗರ್ ಬೇಗ ಬರತ್ತೆ.

ಗೆರೆ ದಾಟಿದೀರಾ ಅಂದ್ರೆ ಕೇಳೋಕೆ ಅರ್ಹತೆ ಇದೆ ಅಂತ ಅಷ್ಟೇ, ಮಾಡಿಸ್ಕೊಳ್ಳಲೇಬೇಕು ಅಂತ ಅಲ್ಲ.

ಬಾಯಿ ಕಟ್ಟಿದ್ರೆ ಸಾಕಲ್ವಾ?

ಈ ಪ್ರಶ್ನೆ ಕೇಳೋರು ಸಾಮಾನ್ಯವಾಗಿ ಸಣ್ಣ ಇರ್ತಾರೆ.

ನಾನು ಹದಿನೈದು ವರ್ಷದಲ್ಲಿ ನಾಕು ಸಲ 15 ಕೆಜಿಗಿಂತ ಜಾಸ್ತಿ ಇಳಿಸಿದೀನಿ. ನಾಕು ಸಲನೂ ವಾಪಸ್ ಬಂತು, ಬರುವಾಗ ಬಡ್ಡಿ ಸಮೇತ ಬಂತು. ಮನಸ್ಸು ಗಟ್ಟಿ ಇಲ್ಲ ಅಂತ ನಂಗೆ ನಾನೇ ಬೈಕೊಂಡು ಓಡಾಡ್ತಿದ್ದೆ. ಆಮೇಲೆ ಗೊತ್ತಾಗಿದ್ದು ಏನಂದ್ರೆ ತೂಕ ಇಳಿದ ತಕ್ಷಣ ದೇಹ ಅದನ್ನ ಬರಗಾಲ ಅಂದ್ಕೊಳತ್ತೆ, ಗ್ರೆಲಿನ್ ಅನ್ನೋ ಹಸಿವಿನ ಹಾರ್ಮೋನ್ ಏರತ್ತೆ, ಹೊಟ್ಟೆ ತುಂಬ್ತು ಅಂತ ಹೇಳೋ ಹಾರ್ಮೋನ್‌ಗಳು ಕಮ್ಮಿ ಆಗ್ತವೆ, ಸುಮ್ನೆ ಕೂತಾಗ ಖರ್ಚಾಗೋ ಕ್ಯಾಲರಿನೂ ಇಳಿಯತ್ತೆ, ಎಲ್ಲಾ ಸೇರ್ಕೊಂಡು ನಿಮ್ಮನ್ನ ಹಳೇ ತೂಕಕ್ಕೆ ಎಳೀತವೆ. ಐದತ್ತು ಕೆಜಿ ಜಾಸ್ತಿ ಇರೋರು ಈ ಎಳೆತದ ಜೊತೆ ಗುದ್ದಾಡಿ ಗೆಲ್ಲಬಹುದು, ಐವತ್ತು ಕೆಜಿ ಜಾಸ್ತಿ ಇರೋರು ವರ್ಷಾನುಗಟ್ಲೆ ಗೆಲ್ಲೋದು ತುಂಬಾ ಅಪರೂಪ. ಆಪರೇಷನ್ ಮಾಡೋ ಮುಖ್ಯ ಕೆಲ್ಸ ಜಾಗ ಚಿಕ್ಕದು ಮಾಡೋದು ಅಂತ ಎಲ್ರೂ ಅಂದ್ಕೊಂಡಿದಾರೆ, ಅದಕ್ಕಿಂತ ದೊಡ್ಡದು ಈ ಹಾರ್ಮೋನ್‌ಗಳ ಜಗ್ಗಾಟಾನ ಸಡಿಲ ಮಾಡೋದು. ಹಸಿವು ಕಮ್ಮಿ ಆದ್ಮೇಲೆ ಬಾಯಿ ಕಟ್ಟೋದು ಬೇರೆ, ಹೊಟ್ಟೆ ಚುರುಗುಟ್ತಾ ಇರೋವಾಗ ಕಟ್ಟೋದು ಬೇರೆ.

ಹೊಟ್ಟೆ ಕೊಬ್ಬನ್ನ ಹೀರಿ ತೆಗೀತಾರಲ್ಲ, ಅದೇ ತಾನೆ ಇದು?

ಅಲ್ಲ. ಅದು ಲೈಪೋಸಕ್ಷನ್, ಆಕಾರ ಸರಿ ಮಾಡೋಕೆ ಇರೋದು. ಅದ್ರಿಂದ ಶುಗರ್ ಇಳಿಯಲ್ಲ, ಹಸಿವು ಇಳಿಯಲ್ಲ. ಬೇರಿಯಾಟ್ರಿಕ್‌ನಲ್ಲಿ ಕೊಬ್ಬನ್ನ ಮುಟ್ಟೋದೇ ಇಲ್ಲ, ಜಠರ ಮತ್ತೆ ಕರುಳಿಗೆ ಕೈ ಹಾಕ್ತಾರೆ.

ಎಷ್ಟು ಥರ ಇದೆ? ಸರಿಯಾಗಿ ಹೇಳಿ, ಎಲ್ಲಾ ಕಲಸುಮೇಲೋಗರ ಆಗಿದೆ.

ಈಗ ಜಗತ್ತಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾಡೋದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತೀನೇ ಸ್ಟೇಪಲ್ ಹಾಕಿ ಕತ್ತರಿಸಿ ಹೊರಗೆ ತೆಗೆದುಬಿಡ್ತಾರೆ, ಉಳಿಯೋದು ಬಾಳೆಹಣ್ಣಿನ ಥರ ಉದ್ದಕ್ಕೆ ಒಂದು ಕೊಳವೆ, 100ರಿಂದ 150 ಎಂಎಲ್ ಹಿಡಿಯೋ ಅಷ್ಟು. ತೆಗೆದ ಭಾಗದಲ್ಲೇ ಗ್ರೆಲಿನ್ ಹೆಚ್ಚಾಗಿ ತಯಾರಾಗೋದು, ಅದಕ್ಕೆ ಹಸಿವೂ ಇಳಿಯತ್ತೆ. ಕರುಳನ್ನ ಮುಟ್ಟಲ್ಲ. ಒಂದು ತಮಾಷೆ ಅಂದ್ರೆ ಇದು ಶುರುವಾಗಿದ್ದು ಪೂರ್ತಿ ಆಪರೇಷನ್ ಆಗಿ ಅಲ್ಲ, ತುಂಬಾ ಭಾರ ಇರೋರಿಗೆ ದೊಡ್ಡ ಆಪರೇಷನ್ ಒಂದೇ ಸಲ ಮಾಡೋದು ಅಪಾಯ ಅಂತ ಮೊದಲ ಕಂತಾಗಿ ಇದನ್ನ ಮಾಡ್ತಿದ್ರು, ಎಷ್ಟೋ ಜನಕ್ಕೆ ಎರಡನೇ ಕಂತೇ ಬೇಕಾಗ್ಲಿಲ್ಲ. ಕತ್ತರಿಸಿದ್ದನ್ನ ವಾಪಸ್ ಇಡೋಕಾಗಲ್ಲ ಅನ್ನೋದು ನೆನಪಿರ್ಲಿ.

ಎರಡನೇದು ಬೈಪಾಸ್, ಪೂರ್ತಿ ಹೆಸರು ರೂ-ಆನ್-ವೈ. ಅನ್ನನಾಳದ ಕೆಳಗೆ ಸುಮಾರು 30 ಎಂಎಲ್‌ನ ಪುಟ್ಟ ಚೀಲ ಬಿಟ್ಟು ಉಳಿದ ಜಠರಾನ ಬೇರೆ ಮಾಡ್ತಾರೆ, ತೆಗೆಯಲ್ಲ, ಅದು ಒಳಗೇ ಇರತ್ತೆ. ಸಣ್ಣ ಕರುಳನ್ನ ಕತ್ತರಿಸಿ ಒಂದು ತುದೀನ ಆ ಚೀಲಕ್ಕೆ ಜೋಡಿಸ್ತಾರೆ, ಇನ್ನೊಂದು ತುದೀಲಿ ಪಿತ್ತ ಮತ್ತೆ ಜೀರ್ಣರಸ ಹರಿದು ಬಂದು ಕೆಳಗಡೆ ಊಟದ ಜೊತೆ ಸೇರತ್ತೆ. ನೋಡೋಕೆ ಇಂಗ್ಲಿಷ್ ವೈ ಅಕ್ಷರದ ಥರ. ರೂ ಅನ್ನೋದು ಆ ಥರ ಜೋಡಣೆ ಮಾಡಿದ ಸ್ವಿಟ್ಜರ್ಲೆಂಡ್‌ನ ಸರ್ಜನ್ ಸೆಝಾರ್ ರೂ ಅವ್ರ ಹೆಸರು. ತೂಕಕ್ಕೆ ಬೈಪಾಸ್ ಅಂತ ಶುರುಮಾಡಿದ್ದು ಅಯೋವಾ ಯೂನಿವರ್ಸಿಟಿಯ ಎಡ್ವರ್ಡ್ ಮೇಸನ್, 1960ರ ದಶಕದಲ್ಲಿ. ಅಲ್ಸರ್‌ಗೆ ಅಂತ ಜಠರದ ಭಾಗ ತೆಗೆಸ್ಕೊಂಡ ಹೆಂಗಸರು ಆಮೇಲೆ ದಪ್ಪ ಆಗ್ತಾನೇ ಇಲ್ವಲ್ಲ ಅಂತ ಗಮನಿಸಿದ್ದೇ ಇದಕ್ಕೆ ಮೂಲ. 1994ರಲ್ಲಿ ಇದನ್ನ ಲ್ಯಾಪರೋಸ್ಕೋಪಿಯಲ್ಲಿ ಮಾಡಿದ ವರದಿ ಬಂತು, ಆಮೇಲೆ ಉದ್ದಕ್ಕೆ ಹೊಟ್ಟೆ ಕೊಯ್ಯೋ ಕಾಲ ಹೋಯ್ತು, ಈಗ ಐದಾರು ಸಣ್ಣ ತೂತು ಅಷ್ಟೇ.

ಮಿನಿ ಬೈಪಾಸ್ ಅಂತ ಕೇಳಿರ್ತೀರಾ. ಎರಡು ಕಡೆ ಜೋಡಿಸೋ ಬದ್ಲು ಒಂದೇ ಕಡೆ ಜೋಡಿಸ್ತಾರೆ, ಸಮಯ ಕಮ್ಮಿ, ತೂಕ ಚೆನ್ನಾಗೇ ಇಳಿಯತ್ತೆ, ಆದ್ರೆ ಕೆಲವ್ರಿಗೆ ಪಿತ್ತ ಮೇಲಕ್ಕೆ ನುಗ್ಗೋ ತೊಂದ್ರೆ ಬರತ್ತೆ. ಹೆಸರಲ್ಲಿ ಮಿನಿ ಇದೆ ಅಂತ ಮೋಸ ಹೋಗ್ಬೇಡಿ, ಕರುಳನ್ನ ಬೈಪಾಸ್ ಮಾಡೋ ಉದ್ದ ಇದ್ರಲ್ಲಿ ಜಾಸ್ತಿನೇ.

ಡ್ಯುಯೋಡಿನಲ್ ಸ್ವಿಚ್ ಅನ್ನೋದು ಎಲ್ಲಕ್ಕಿಂತ ಬಲವಾದದ್ದು. ಸ್ಲೀವ್ ಜೊತೆಗೆ ಸಣ್ಣ ಕರುಳಿನ ದೊಡ್ಡ ಭಾಗ ಬೈಪಾಸ್. ತೂಕ, ಶುಗರ್ ಎರಡೂ ಜಾಸ್ತಿ ಇಳಿಯೋದು ಇದ್ರಲ್ಲೇ, ಪ್ರೋಟೀನ್ ವಿಟಮಿನ್ ಕೊರತೆ ಜಾಸ್ತಿ ಆಗೋದೂ ಇದ್ರಲ್ಲೇ. ಅದ್ರದ್ದೇ ಸರಳ ರೂಪ ಸಾಡಿ, ಅದನ್ನ 2007ರಲ್ಲಿ ಸ್ಪೇನ್‌ನ ಸರ್ಜನ್‌ಗಳು ತಂದ್ರು. ಬಿಎಂಐ 50 ದಾಟಿದವ್ರಿಗೆ, ಇಲ್ಲಾ ಸ್ಲೀವ್ ಸಾಲದೆ ಹೋದವ್ರಿಗೆ ಈ ಮಾತು ಬರತ್ತೆ.

ಬ್ಯಾಂಡ್ ಅಂತ ಒಂದಿತ್ತು, ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಉಂಗುರ ಹಾಕಿ ಬಿಗಿ ಮಾಡೋದು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ದೊಡ್ಡ ಹವಾ. ಆಮೇಲೆ ಜಾರೋದು, ಜಠರದೊಳಕ್ಕೆ ಕೊರೆದು ಹೋಗೋದು, ಮತ್ತೆ ಮತ್ತೆ ಆಪರೇಷನ್ನು. ಈಗ ಹಾಕೋದಕ್ಕಿಂತ ತೆಗೆಸೋಕೆ ಬರೋರೇ ಜಾಸ್ತಿ.

ಬಲೂನು ಮತ್ತೆ ಎಂಡೋಸ್ಕೋಪಿಕ್ ಸ್ಲೀವ್ ನಿಜವಾಗ್ಲೂ ಆಪರೇಷನ್ ಅಲ್ಲ, ಕೊಯ್ಯೋದೇ ಇಲ್ಲ. ಬಲೂನನ್ನ ಜಠರದೊಳಗೆ ಉಬ್ಬಿಸಿ ಸಾಮಾನ್ಯವಾಗಿ ಆರು ತಿಂಗಳು ಇಟ್ಟು ತೆಗೀತಾರೆ, ತೆಗೆದ್ಮೇಲೆ ತೂಕ ವಾಪಸ್ ಬರೋ ಸಾಧ್ಯತೆ ಜಾಸ್ತಿ. ಎಂಡೋಸ್ಕೋಪಿಕ್ ಸ್ಲೀವ್ ಅಂದ್ರೆ ಬಾಯಿಂದ ಟ್ಯೂಬ್ ಬಿಟ್ಟು ಜಠರಾನ ಒಳಗಿಂದ ಹೊಲಿಗೆ ಹಾಕಿ ಸಣ್ಣ ಮಾಡೋದು, ತೂಕ ಇಳಿಯೋದು ಮಾಮೂಲಿ ಸ್ಲೀವ್‌ಗಿಂತ ಕಮ್ಮಿ.

ಸ್ಲೀವಾ ಬೈಪಾಸಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗಲ್ಲ, ಎರಡು ಪ್ರಶ್ನೆ ಕೇಳ್ತೀನಿ. ನಿಮಗೆ ಎದೆ ಉರಿ, ಹುಳಿತೇಗು ಇದೆಯಾ? ಶುಗರ್ ಇದೆಯಾ?

ಶುಗರ್ ವಿಷಯ ಮುಂದಿನ ಪ್ರಶ್ನೇಲಿ ಹೇಳ್ತೀನಿ. ಎದೆ ಉರಿ ಜೋರಾಗಿದ್ರೆ ಸ್ಲೀವ್ ಬಗ್ಗೆ ಹುಷಾರು. ಆ ಕೊಳವೆ ಒಳಗೆ ಒತ್ತಡ ಜಾಸ್ತಿ, ಆಸಿಡ್ ಮೇಲಕ್ಕೆ ಬರತ್ತೆ. ಫಿನ್‌ಲೆಂಡ್‌ನಲ್ಲಿ 240 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಅರ್ಧಕ್ಕೆ ಸ್ಲೀವ್ ಅರ್ಧಕ್ಕೆ ಬೈಪಾಸ್ ಮಾಡಿ ಹತ್ತು ವರ್ಷ ನೋಡಿದ್ರು, ಅದ್ರ ಹೆಸರು ಸ್ಲೀವ್‌ಪಾಸ್. ತೂಕದಲ್ಲಿ ಬೈಪಾಸ್ ಸ್ವಲ್ಪ ಮುಂದೆ, ಆಕಾಶ ಭೂಮಿ ವ್ಯತ್ಯಾಸ ಏನಿಲ್ಲ. ಆದ್ರೆ ಎಂಡೋಸ್ಕೋಪಿಯಲ್ಲಿ ನೋಡಿದಾಗ ಅನ್ನನಾಳದಲ್ಲಿ ಉರಿಯೂತ ಇದ್ದಿದ್ದು ಸ್ಲೀವ್ ಗುಂಪಲ್ಲಿ 31 ಪರ್ಸೆಂಟ್, ಬೈಪಾಸ್ ಗುಂಪಲ್ಲಿ 7. ಇದನ್ನ ನೋಡಿನೇ ನಾನು ತೀರ್ಮಾನ ಮಾಡಿದ್ದು ಅಂತ ಕೊಚ್ಕೊಳೋ ಆಸೆ, ಆದ್ರೆ ಆ ಹತ್ತು ವರ್ಷದ ಫಲಿತಾಂಶ ಬಂದಿದ್ದೇ 2022ರಲ್ಲಿ, ನಂದು ಆಗ್ಲೇ ಮುಗಿದಿತ್ತು. ನಾನು ಬೈಪಾಸ್ ತಗೊಂಡಿದ್ದು ರಾತ್ರಿ ಮೂರು ದಿಂಬು ಹಾಕ್ಕೊಂಡು ಮಲಗ್ತಿದ್ದೆ ಅಂತ, ಅಷ್ಟು ಎದೆ ಉರಿ. ಈಗ ಒಂದೇ ದಿಂಬು.

ಸ್ಲೀವ್ ಯಾರಿಗೆ ಒಳ್ಳೇದು ಅಂದ್ರೆ ಬೇರೆ ಕಾಯಿಲೆಗೆ ಅಂತ ದಿನಾ ಮಾತ್ರೆ ಮೇಲೆ ಬದುಕ್ತಿರೋರಿಗೆ, ಯಾಕಂದ್ರೆ ಕರುಳು ಹಾಗೇ ಇರತ್ತೆ, ಮಾತ್ರೆ ಹೀರ್ಕೊಳ್ಳೋದು ಅಷ್ಟಾಗಿ ಕೆಡಲ್ಲ. ನೋವಿನ ಮಾತ್ರೆ ಬಿಡೋಕೇ ಆಗದ ಸಂಧಿವಾತ ಇರೋರಿಗೆ, ಹಿಂದೆ ಕರುಳಿನ ಆಪರೇಷನ್ ಆಗಿ ಒಳಗೆಲ್ಲ ಅಂಟ್ಕೊಂಡಿರೋರಿಗೆ ಕೂಡ. "ನಮ್ಮ ಅಕ್ಕ ಸ್ಲೀವ್ ಮಾಡಿಸ್ಕೊಂಡ್ಲು ನಂಗೂ ಅದೇ ಬೇಕು" ಅಂತ ಮಾತ್ರ ಹೋಗ್ಬೇಡಿ, ನಿಮ್ಮ ಅಕ್ಕನ ಅನ್ನನಾಳ ನಿಮ್ಮದಲ್ಲ.

ಶುಗರ್ ಪೂರ್ತಿ ವಾಸಿ ಆಗತ್ತಂತೆ, ನಿಜಾನಾ?

ವಾಸಿ ಅನ್ನೋ ಪದ ಡಾಕ್ಟರ್‌ಗಳು ಬಳಸಲ್ಲ, ರೆಮಿಷನ್ ಅಂತಾರೆ, ಅಂದ್ರೆ ಸದ್ಯಕ್ಕೆ ಮಾತ್ರೆ ಇಲ್ದೆ ಹತೋಟೀಲಿ ಇದೆ ಅಂತ. ಆಶ್ಚರ್ಯ ಏನಂದ್ರೆ ತೂಕ ಇಳಿಯೋಕೆ ಮುಂಚೇನೇ ಶುಗರ್ ಇಳಿಯೋಕೆ ಶುರುವಾಗತ್ತೆ, ಬೈಪಾಸ್ ಆದವ್ರಿಗೆ ಎಷ್ಟೋ ಸಲ ಆಸ್ಪತ್ರೆ ಬಿಡೋ ಮುಂಚೆನೇ ಇನ್ಸುಲಿನ್ ಕಮ್ಮಿ ಮಾಡ್ತಾರೆ. ತಿನ್ನೋದು ಕಮ್ಮಿಯಾಗಿರೋದು ಒಂದು ಕಾರಣ, ಊಟ ಬೇಗ ಕರುಳಿನ ಕೆಳಭಾಗಕ್ಕೆ ತಲುಪಿ ಇನ್ಸುಲಿನ್ ಬರೋಕೆ ನೆರವಾಗೋ ಜಿಎಲ್‌ಪಿ-1 ಥರದ ಹಾರ್ಮೋನ್ ಜಾಸ್ತಿ ಬರೋದು ಇನ್ನೊಂದು ಕಾರಣ.

ಆದ್ರೆ ಎಲ್ರಿಗೂ ಅಲ್ಲ, ಶಾಶ್ವತವೂ ಅಲ್ಲ. ಸ್ವೀಡನ್‌ನಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ ಎರಡು ವರ್ಷಕ್ಕೆ 72 ಪರ್ಸೆಂಟ್ ಜನರಿಗೆ ರೆಮಿಷನ್ ಇತ್ತು, ಹದಿನೈದು ವರ್ಷಕ್ಕೆ ಅದು 30 ಪರ್ಸೆಂಟ್‌ಗೆ ಬಂತು. ಶುಗರ್ ಬಂದು ವರ್ಷ ಎರಡು ವರ್ಷ ಆಗಿದೆ, ಬರೀ ಮಾತ್ರೆ ಇದೆ ಅನ್ನೋರಿಗೆ ಚಾನ್ಸ್ ಜಾಸ್ತಿ. ಹದಿನೈದು ವರ್ಷದ ಹಳೇ ಶುಗರ್ರು, ಇನ್ಸುಲಿನ್ ಬೇರೆ ತಗೋತಿದೀರಾ ಅಂದ್ರೆ ಡೋಸ್ ಕಮ್ಮಿ ಆಗತ್ತೆ, ಪೂರ್ತಿ ಬಿಟ್ಟೋಗೋದು ಕಷ್ಟ. ಹಂಗಂತ ಅದು ಲಾಭ ಅಲ್ವಾ? ಅದೇ ಅಧ್ಯಯನದಲ್ಲಿ ಶುಗರ್‌ನಿಂದ ಕಣ್ಣು ಕಿಡ್ನಿಗೆ ಬರೋ ತೊಂದ್ರೆಗಳೂ ಕಮ್ಮಿ ಆಗಿದ್ವು. ಇಷ್ಟಾದ್ರೂ ವರ್ಷಕ್ಕೊಂದ್ಸಲ ಕಣ್ಣಿನ ಪರೀಕ್ಷೆ ನಿಲ್ಲಿಸ್ಬೇಡಿ.

ಎಷ್ಟು ಕೆಜಿ ಇಳಿಯತ್ತೆ?

ಕೆಜಿ ಲೆಕ್ಕ ಬಿಡಿ, ಶುರುವಿನ ತೂಕದಲ್ಲಿ ಎಷ್ಟು ಪರ್ಸೆಂಟ್ ಅಂತ ನೋಡಿ. ಸ್ಲೀವ್‌ನಲ್ಲಿ ಸುಮಾರು ಕಾಲು ಭಾಗ, ಬೈಪಾಸ್‌ನಲ್ಲಿ 30ರ ಹತ್ರ, ಸ್ವಿಚ್‌ನಲ್ಲಿ ಇನ್ನೂ ಜಾಸ್ತಿ. ಒಂದರಿಂದ ಎರಡು ವರ್ಷದಲ್ಲಿ ತಳ ಮುಟ್ಟತ್ತೆ. ನಾನು 86ಕ್ಕೆ ಮುಟ್ಟಿ ಆಮೇಲೆ ಆರು ಕೆಜಿ ಏರಿದೆ. ಮಧ್ಯದಲ್ಲಿ, ಅದ್ರಲ್ಲೂ ಮೂರನೇ ವಾರದ ಹೊತ್ತಿಗೆ, ಮುಳ್ಳು ಅಲ್ಲಾಡದೆ ನಿಂತುಬಿಡತ್ತೆ, ದಿನಾ ಬರೀ ನೀರು ಸೂಪು ಕುಡೀತಿದೀನಿ ಆದ್ರೂ ಇಳೀತಿಲ್ಲ ಅಂತ ಅಳು ಬರತ್ತೆ. ಎಲ್ರಿಗೂ ಹೀಗೇ. ತೂಕದ ಮಿಷನ್‌ನ ಒಂದು ವಾರ ಮಂಚದ ಕೆಳಗೆ ತಳ್ಳಿ.

ಸತ್ತುಗಿತ್ತು ಹೋದ್ರೆ?

ಕೇಳಬೇಕಾದ ಪ್ರಶ್ನೇನೇ, ಸಂಕೋಚ ಬೇಡ. ಅನುಭವ ಇರೋ ಕಡೆ ಮೊದಲ ಒಂದು ತಿಂಗಳಲ್ಲಿ ಸಾವಿನ ಸಾಧ್ಯತೆ ಸಾವಿರಕ್ಕೆ ಒಂದರ ಹತ್ರ, ಪಿತ್ತಕೋಶ ತೆಗೆಸೋ ಆಪರೇಷನ್‌ನಷ್ಟೇ ಹೆಚ್ಚುಕಮ್ಮಿ. ವಯಸ್ಸು, ಹೃದಯದ ಕಾಯಿಲೆ, ತೀರಾ ಜಾಸ್ತಿ ಬಿಎಂಐ ಇದ್ರೆ ಇದು ಏರತ್ತೆ. ಇನ್ನೊಂದು ಕಡೆ ಸ್ವೀಡನ್ ಅಧ್ಯಯನದಲ್ಲಿ ಆಪರೇಷನ್ ಮಾಡಿಸ್ಕೊಂಡವ್ರು ಮಾಡಿಸ್ಕೊಳ್ಳದೆ ಇದ್ದ ಅಷ್ಟೇ ದಪ್ಪ ಇದ್ದವ್ರಿಗಿಂತ ಸರಾಸರಿ ಮೂರು ವರ್ಷ ಜಾಸ್ತಿ ಬದುಕಿದ್ರು.

ಭಯ ಪಡಬೇಕಾದ್ದು ಮುಖ್ಯವಾಗಿ ಮೂರಕ್ಕೆ: ಸ್ಟೇಪಲ್ ಹಾಕಿದ ಜಾಗ ಸೋರೋದು, ರಕ್ತಸ್ರಾವ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗೋದು. ಮನೆಗೆ ಬಂದ್ಮೇಲೆ ನಾಡಿ ಸುಮ್ನೆ ಮಲಗಿದ್ರೂ 120ರ ಮೇಲೆ ಹೊಡ್ಕೊಳ್ತಿದ್ರೆ, ಜ್ವರ ಬಂದ್ರೆ, ಹೊಟ್ಟೆ ನೋವು ಏರ್ತಾನೇ ಹೋದ್ರೆ, ಉಸಿರಾಡೋಕೆ ಕಷ್ಟ ಆದ್ರೆ, ಬೆಳಗಾಗ್ಲಿ ನೋಡೋಣ ಅನ್ಬೇಡಿ. ಸೋರಿಕೆ ಆದಾಗ ಎಷ್ಟೋ ಸಲ ಮೊದಲು ಗೊತ್ತಾಗೋದೇ ನಾಡಿಯಿಂದ, ನೋವು ಆಮೇಲೆ.

ಆಪರೇಷನ್‌ಗೆ ಮುಂಚೆ ಏನೇನು ಮಾಡಿಸ್ತಾರೆ?

ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಹೃದಯ ನೋಡೋದು, ಗೊರಕೆ ಜಾಸ್ತಿ ಇದ್ರೆ ನಿದ್ದೆ ಪರೀಕ್ಷೆ, ಡಯಟಿಷನ್ ಜೊತೆ ಮಾತು, ಮನಶ್ಶಾಸ್ತ್ರಜ್ಞರ ಜೊತೆ ಮಾತು. ಕೊನೇದಕ್ಕೆ ಜನ ಬೇಜಾರ್ ಮಾಡ್ಕೋತಾರೆ, ನಂಗೇನು ಹುಚ್ಚಾ ಅಂತ. ಅವ್ರು ನೋಡೋದು ನೀವು ಬೇಜಾರಾದಾಗ ತಿಂತೀರಾ, ರಾತ್ರಿ ಎದ್ದು ತಿಂತೀರಾ, ಆಮೇಲೆ ಆ ಊಟದ ಜಾಗಕ್ಕೆ ಇನ್ನೇನು ಬರಬಹುದು ಅಂತ.

ಸಾಮಾನ್ಯವಾಗಿ ಎರಡು ವಾರ ಕಮ್ಮಿ ಕ್ಯಾಲರಿ ಡಯಟ್ ಕೊಡ್ತಾರೆ. ಅದು ನಿಮ್ಮ ಮನಸ್ಸಿನ ಪರೀಕ್ಷೆ ಅಲ್ಲ. ಜಠರದ ಮೇಲೆ ಲಿವರ್ ಕೂತಿರತ್ತೆ, ನಮ್ಮಂಥೋರಿಗೆ ಅದು ಕೊಬ್ಬು ತುಂಬ್ಕೊಂಡು ಊದಿರತ್ತೆ, ಎರಡು ವಾರದಲ್ಲಿ ಅದು ಕುಗ್ಗಿದ್ರೆ ಸರ್ಜನ್‌ಗೆ ಅದನ್ನ ಎತ್ತಿ ಹಿಡಿದು ಕೆಲ್ಸ ಮಾಡೋಕೆ ಜಾಗ ಸಿಗತ್ತೆ. ಕದ್ದು ತಿಂದ್ರೆ ಒಳಗೆ ಕ್ಯಾಮೆರಾ ಹಾಕಿದಾಗ ಗೊತ್ತಾಗತ್ತೆ. ಸಿಗರೇಟು ವಾರಗಳ ಮುಂಚೇನೇ ಬಿಡ್ಬೇಕು.

ಆ ದಿನ ಹೇಗಿರತ್ತೆ?

ಸ್ಲೀವ್‌ಗೆ ಒಂದು ಗಂಟೆ ಮೇಲೆ, ಬೈಪಾಸ್‌ಗೆ ಎರಡು ಗಂಟೆ ಅಂತಿಟ್ಕೊಳ್ಳಿ. ಎಚ್ಚರ ಆದಾಗ ಹೊಟ್ಟೆಗಿಂತ ಭುಜ ನೋವು ಜಾಸ್ತಿ, ಒಳಗೆ ತುಂಬಿದ ಗ್ಯಾಸ್‌ದು ಅದು. ಅದೇ ಸಂಜೆ ಎಬ್ಬಿಸಿ ನಡೆಸ್ತಾರೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರ್ದು ಅಂತ. ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿರೋದು ಮಾರನೇ ದಿನದ ಮೊದಲ ನೀರು. ಕೆಮ್ಮಿನ ಸಿರಪ್ ಅಳೆಯೋ ಪ್ಲಾಸ್ಟಿಕ್ ಮುಚ್ಚಳ ಇರತ್ತಲ್ಲ, ಅದ್ರಲ್ಲಿ ತುಂಬ ನೀರು ಕೊಟ್ಟು ಸಿಸ್ಟರ್ ಗಡಿಯಾರ ತೋರಿಸಿದ್ರು, ಇದನ್ನ ಹದಿನೈದು ನಿಮಿಷದಲ್ಲಿ ಕುಡೀಬೇಕು ಒಂದೇ ಸಲ ಅಲ್ಲ ಅಂತ. ನಗು ಬಂತು, ಒಂದು ಬಾಟ್ಲಿ ಗಟಗಟ ಅಂತ ಕುಡೀತಿದ್ದೋನು ನಾನು. ಅರ್ಧ ಮುಚ್ಚಳಕ್ಕೆ ಎದೆ ಮಧ್ಯೆ ಏನೋ ಕೂತ ಹಾಗಾಯ್ತು, ಮುಚ್ಚಳ ಕೆಳಗಿಟ್ಟೆ.

ಆಮೇಲೆ ಊಟ?

ಮೊದಲು ತಿಳಿ ನೀರಿನಂಥದ್ದು, ಆಮೇಲೆ ಗಟ್ಟಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿರೋದು, ಆರೆಂಟು ವಾರಕ್ಕೆ ಮಾಮೂಲಿ ಊಟ. ನಿಮ್ಮ ಕಡೆ ಕೊಟ್ಟ ಚಾರ್ಟ್ ಬೇರೆ ಇದ್ರೆ ಅದನ್ನೇ ಮಾಡಿ. ಆಮೇಲಿನ ಪಾಠ ಜೀವನ ಪೂರ್ತಿದು: ಮೊದಲು ಪ್ರೋಟೀನ್, ದಿನಕ್ಕೆ ಕನಿಷ್ಠ 60 ಗ್ರಾಂ, ನಿಧಾನಕ್ಕೆ ಅಗಿಯೋದು, ಊಟದ ಜೊತೆ ನೀರು ಕುಡೀದೆ ಇರೋದು, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯೋದು. ಬೇಯಿಸಿದ ಮೊಟ್ಟೆ ಅರ್ಧ ತಿನ್ನೋಕೆ ನಂಗೆ ಇಪ್ಪತ್ತು ನಿಮಿಷ ಹಿಡೀತಿತ್ತು ಶುರುವಲ್ಲಿ. ಮೆತ್ತಗಿನ ಬ್ರೆಡ್ಡು ಸಲೀಸು ಅಂದ್ಕೊಂಡ್ರೆ ತಪ್ಪು, ಒಳಗೆ ಹೋಗಿ ಹಿಟ್ಟಿನ ಉಂಡೆ ಥರ ಆಗಿ ಸಿಕ್ಕಾಕೊಳ್ಳೋದು ಅದೇ.

ಹೊಟ್ಟೆ ತುಂಬಿದ್ದು ಹೊಟ್ಟೇಲಿ ಗೊತ್ತಾಗಲ್ಲ ಇನ್ಮೇಲೆ. ಕೆಲವ್ರಿಗೆ ಬಿಕ್ಕಳಿಕೆ, ಕೆಲವ್ರಿಗೆ ಮೂಗು ಸೋರೋದು. ನಂಗೆ ಮೂಗು. ಅದಾದ್ಮೇಲೆ ಒಂದೇ ಒಂದು ತುತ್ತು ಜಾಸ್ತಿ ಆದ್ರೆ ವಾಪಸ್ ಬರೋದು ಗ್ಯಾರಂಟಿ.

ಡಂಪಿಂಗ್ ಅಂದ್ರೇನು?

ಬೈಪಾಸ್ ಆದವ್ರಿಗೆ ಸಕ್ಕರೆ ಜಾಸ್ತಿ ಇರೋದು ತಡೆ ಇಲ್ದೆ ಸೀದಾ ಕರುಳಿಗೆ ಬಿದ್ದಾಗ ಆಗೋದು. ನಾಕನೇ ತಿಂಗಳಲ್ಲಿ ಒಂದು ಲೋಟ ಹಣ್ಣಿನ ಜ್ಯೂಸ್ ಕುಡಿದೆ, ಹಣ್ಣು ತಾನೆ ಅಂತ. ಹದಿನೈದು ನಿಮಿಷಕ್ಕೆ ಎದೆ ಡಬಡಬ, ಬೆವರು, ಹೊಟ್ಟೆ ಹಿಂಡ್ತು, ಬಚ್ಚಲುಮನೆ ನೆಲದ ಮೇಲೆ ಮಲಗಿ ಕೆನ್ನೇನ ಟೈಲ್ಸ್‌ಗೆ ಒತ್ಕೊಂಡಿದ್ದೆ ತಣ್ಣಗಿರತ್ತೆ ಅಂತ. ಇದು ಬೇಗ ಬರೋ ಡಂಪಿಂಗ್. ಇನ್ನೊಂದು ಥರದ್ದು ಒಂದರಿಂದ ಮೂರು ಗಂಟೆ ಆದ್ಮೇಲೆ ಬರತ್ತೆ, ಇನ್ಸುಲಿನ್ ಜಾಸ್ತಿ ಬಂದು ರಕ್ತದಲ್ಲಿ ಸಕ್ಕರೆ ಸರ್ರನೆ ಇಳಿದು ಕೈ ನಡುಕ, ತಲೆಸುತ್ತು. ಗಾಡಿ ಓಡಿಸೋವಾಗ ಆದ್ರೆ ಅಪಾಯ, ಪದೇ ಪದೇ ಆದ್ರೆ ಡಾಕ್ಟರ್‌ಗೆ ಹೇಳಿ.

ವಿಟಮಿನ್ ಮಾತ್ರೆ ಎಷ್ಟು ದಿನ?

ಬದುಕಿರೋವರೆಗೂ. ಇದನ್ನ ಒಪ್ಕೊಳ್ಳೋಕಾಗದೆ ಇದ್ರೆ ಆಪರೇಷನ್ ಬೇಡ, ಇದು ನನ್ನ ಖಡಕ್ ಅಭಿಪ್ರಾಯ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಎರಡು ಮೂರು ಸಲ ಹಂಚ್ಕೊಂಡು. ಕಬ್ಬಿಣ ಮತ್ತೆ ಕ್ಯಾಲ್ಸಿಯಂ ಒಟ್ಟಿಗೆ ನುಂಗ್ಬೇಡಿ, ಒಂದು ಇನ್ನೊಂದನ್ನ ಹೀರೋಕೆ ಬಿಡಲ್ಲ, ಎರಡು ಗಂಟೆ ಅಂತರ ಇರ್ಲಿ. ಮೊದಲ ವರ್ಷ ಮೂರ್ನಾಕು ಸಲ, ಆಮೇಲೆ ವರ್ಷಕ್ಕೊಂದ್ಸಲ ರಕ್ತ ಪರೀಕ್ಷೆ.

ಒಂದು ವಿಷಯ ಮಾತ್ರ ಎಲ್ರೂ ಮರೀತಾರೆ, ಬಿ1, ಥಯಾಮಿನ್. ಅದ್ರ ಸ್ಟಾಕ್ ದೇಹದಲ್ಲಿ ಇರೋದೇ ಕೆಲವು ವಾರಕ್ಕೆ. ದಿನಗಟ್ಲೆ ವಾಂತಿ ಆಗ್ತಾ ಇದ್ದು ನಡೆಯುವಾಗ ತೂರಾಟ, ಒಂದು ವಸ್ತು ಎರಡಾಗಿ ಕಾಣೋದು, ಕಾಲು ಜೋಮು, ಮಾತು ಗೊಂದಲ ಶುರುವಾದ್ರೆ ಅದು ಎಮರ್ಜೆನ್ಸಿ, ಥಯಾಮಿನ್ ಕೊಟ್ಟೇ ಗ್ಲೂಕೋಸ್ ಡ್ರಿಪ್ ಹಾಕ್ಬೇಕು. ತಡ ಆದ್ರೆ ನೆನಪಿನ ಶಕ್ತಿ ವಾಪಸ್ ಬರದೆ ಇರೋಹಾಗೆ ಹೋಗಬಹುದು.

ಕೂದ್ಲು ಉದುರತ್ತಾ? ಚರ್ಮ ಜೋತು ಬೀಳತ್ತಾ?

ಎರಡೂ ಹೌದು. ಕೂದಲು ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಕೈಗೆ ಬರತ್ತೆ, ಸಾಮಾನ್ಯವಾಗಿ ವಾಪಸ್ ಬೆಳೆಯತ್ತೆ. ಚರ್ಮ ವಾಪಸ್ ಹೋಗಲ್ಲ. ವ್ಯಾಯಾಮದಿಂದ ಸ್ನಾಯು ಬರತ್ತೆ, ಜೋತಿದ್ದು ಜೋತೇ ಇರತ್ತೆ. ಮಡಿಕೆಯಲ್ಲಿ ಬೆವರಿ ಹುಣ್ಣಾಗ್ತಿದ್ರೆ ತೂಕ ನಿಂತ್ಮೇಲೆ, ಅಂದ್ರೆ ಒಂದೂವರೆ ವರ್ಷದ ಆಚೆ, ಪ್ಲಾಸ್ಟಿಕ್ ಸರ್ಜರಿ ಬಗ್ಗೆ ಕೇಳಿ. ಬೇಗ ತೂಕ ಇಳಿದ್ರೆ ಪಿತ್ತಕೋಶದಲ್ಲಿ ಕಲ್ಲೂ ಆಗತ್ತೆ, ಅದಕ್ಕೆ ಆರು ತಿಂಗಳು ಮಾತ್ರೆ ಕೊಡೋದುಂಟು.

ಮಗು ಮಾಡ್ಕೋಬಹುದಾ?

ಖಂಡಿತ, ಆದ್ರೆ 12ರಿಂದ 18 ತಿಂಗಳು ಕಾಯಿರಿ. ಎಚ್ಚರಿಕೆ ಏನಂದ್ರೆ ಪಿಸಿಓಎಸ್ ಅನ್ನೋ ಅಂಡಾಶಯದ ಹಾರ್ಮೋನ್ ತೊಂದ್ರೆಯಿಂದ ವರ್ಷಗಟ್ಲೆ ಗರ್ಭ ನಿಲ್ಲದೆ ಇದ್ದವ್ರಿಗೆ ತೂಕ ಇಳೀತಿದ್ದ ಹಾಗೆ ಮುಟ್ಟು ಸರಿಹೋಗಿ ಗರ್ಭ ನಿಂತುಬಿಡತ್ತೆ. ಬೈಪಾಸ್ ಆದ್ಮೇಲೆ ನುಂಗೋ ಗರ್ಭನಿರೋಧಕ ಮಾತ್ರೆ ನಂಬ್ಕೊಂಡು ಕೂರಬೇಡಿ, ಬೇರೆ ದಾರಿ ಕೇಳಿ.

ಡ್ರಿಂಕ್ಸು, ಸಿಗರೇಟು, ತಲೆನೋವಿನ ಮಾತ್ರೆ?

ಸಿಗರೇಟು ಮತ್ತೆ ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಥರದ ನೋವಿನ ಮಾತ್ರೆ, ಇವೆರಡೂ ಬೈಪಾಸ್ ಜೋಡಣೆ ಜಾಗದಲ್ಲಿ ಅಲ್ಸರ್ ತರ್ತವೆ, ತೂತೇ ಬೀಳಬಹುದು. ನೋವಿಗೆ ಪ್ಯಾರಾಸಿಟಮಾಲ್. ಮೆಡಿಕಲ್ ಶಾಪ್‌ನೋರು ಕೊಟ್ಟಿದ್ದನ್ನ ಹೆಸರು ಓದದೆ ನುಂಗ್ಬೇಡಿ.

ಡ್ರಿಂಕ್ಸ್ ಬೇಗ ಏರತ್ತೆ, ಜಾಸ್ತಿ ಏರತ್ತೆ. ಮುಂಚೆ ಕುಡಿತದ ಸಮಸ್ಯೆ ಇಲ್ದೆ ಇದ್ದೋರೂ ಎರಡನೇ ವರ್ಷದ ಮೇಲೆ ಅದಕ್ಕೆ ಬಿದ್ದಿದ್ದುಂಟು. ಮೊದಲ ವರ್ಷ ಮುಟ್ಟಲೇಬೇಡಿ.

ಈಗ ತೂಕ ಇಳಿಸೋ ಇಂಜೆಕ್ಷನ್ ಬಂದಿದೆಯಲ್ಲ, ಆಪರೇಷನ್ ಯಾಕೆ ಬೇಕು?

ಒಳ್ಳೇ ಔಷಧಿಗಳೇ. ದೊಡ್ಡ ಪರೀಕ್ಷೆಗಳಲ್ಲಿ ಸೆಮಾಗ್ಲುಟೈಡ್‌ನಲ್ಲಿ 68 ವಾರಕ್ಕೆ ಸುಮಾರು 15 ಪರ್ಸೆಂಟ್, ಟಿರ್ಜೆಪಟೈಡ್ ದೊಡ್ಡ ಡೋಸ್‌ನಲ್ಲಿ 72 ವಾರಕ್ಕೆ ಸುಮಾರು 21 ಪರ್ಸೆಂಟ್ ತೂಕ ಇಳೀತು. ನಿಲ್ಲಿಸಿದ್ರೆ? ಸೆಮಾಗ್ಲುಟೈಡ್ ನಿಲ್ಲಿಸಿದವ್ರಿಗೆ ಒಂದೇ ವರ್ಷದಲ್ಲಿ ಇಳಿದಿದ್ದರ ಮೂರನೇ ಎರಡು ಭಾಗ ವಾಪಸ್ ಬಂತು. ಬಿಎಂಐ 32, 35 ಇರೋರು ಮೊದಲು ಇದನ್ನ ನೋಡೋದ್ರಲ್ಲಿ ಅರ್ಥ ಇದೆ. 50 ಇರೋರಿಗೆ ಅದೊಂದೇ ಸಾಲೋದು ಕಷ್ಟ. ಎರಡೂ ಜಗಳ ಆಡೋ ಸವತಿಯರೇನಲ್ಲ, ಆಪರೇಷನ್‌ಗೆ ಮುಂಚೆ ತೂಕ ಇಳಿಸೋಕೆ, ಆಮೇಲೆ ಏರಿದ್ದನ್ನ ಇಳಿಸೋಕೆ ಇಂಜೆಕ್ಷನ್ ಬಳಸ್ತಾರೆ.

ಮತ್ತೆ ದಪ್ಪ ಆಗ್ತೀವಾ?

ಸ್ವಲ್ಪ ಎಲ್ರೂ ಆಗ್ತಾರೆ. ಕೆಲವ್ರು ಜಾಸ್ತಿನೇ ಆಗ್ತಾರೆ. ಐಸ್‌ಕ್ರೀಮು, ಚಿಪ್ಸು, ಸಿಹಿ ಪಾನೀಯ ಎಷ್ಟು ಸಣ್ಣ ಚೀಲ ಇದ್ರೂ ನುಣುಚ್ಕೊಂಡು ಇಳಿದುಹೋಗ್ತವೆ, ದಿನವಿಡೀ ಚೂರು ಚೂರು ತಿಂದ್ರೆ ಯಾವ ಸರ್ಜನ್ನೂ ಕಾಪಾಡೋಕಾಗಲ್ಲ. ಹಂಗಂತ ಏರಿದ್ದೆಲ್ಲ ನಿಮ್ಮ ತಪ್ಪೂ ಅಲ್ಲ, ದೇಹ ಹೊಂದ್ಕೊಳತ್ತೆ, ಹಸಿವು ನಿಧಾನಕ್ಕೆ ವಾಪಸ್ ಬರತ್ತೆ. ನಾಚ್ಕೊಂಡು ಫಾಲೋಅಪ್‌ಗೆ ಹೋಗದೆ ಇರೋದು ಎಲ್ಲಕ್ಕಿಂತ ದೊಡ್ಡ ತಪ್ಪು. 88 ಆದಾಗ ಹೋಗಿದ್ರೆ ನಾನು 92ಕ್ಕೆ ಬರ್ತಿರ್ಲಿಲ್ಲ.

ಮನಸ್ಸಿಗೆ ಏನಾಗತ್ತೆ?

ಮೊದಲ ವರ್ಷ ಹಬ್ಬ. ಆಮೇಲೆ ಒಂದು ಖಾಲಿತನ ಬರತ್ತೆ, ಬೇಜಾರಾದಾಗ ತಿನ್ನೋಕಾಗಲ್ಲ, ತಿನ್ನೋದೇ ಗೆಳೆಯ ಆಗಿತ್ತು ಇಷ್ಟು ವರ್ಷ. ಕನ್ನಡೀಲಿ ಸಣ್ಣಗಾಗಿರೋದು ಕಂಡ್ರೂ ಎರಡು ಸೀಟಿನ ಮಧ್ಯೆ ಅಡ್ಡ ತಿರುಗಿ ನಡೆಯೋದು ನಾನು ಬಿಟ್ಟಿದ್ದು ಎರಡು ವರ್ಷದ ಮೇಲೆ. ಆಪರೇಷನ್ ಆದವ್ರಲ್ಲಿ ತಮಗೆ ತಾವೇ ಹಾನಿ ಮಾಡ್ಕೊಳ್ಳೋರ ಪ್ರಮಾಣ ಸ್ವಲ್ಪ ಜಾಸ್ತಿ ಇರೋದು ಅಧ್ಯಯನಗಳಲ್ಲಿ ಕಂಡಿದೆ. ಬದುಕು ಬೇಡ ಅನ್ನಿಸಿದ್ರೆ ಆವತ್ತೇ ಯಾರಿಗಾದ್ರೂ ಹೇಳಿ, ಫಾಲೋಅಪ್ ದಿನಕ್ಕೆ ಕಾಯ್ಬೇಡಿ.

ವರ್ಷಗಟ್ಲೆ ಆದ್ಮೇಲೆ ಹೊಟ್ಟೆ ನೋವು ಬಂದ್ರೆ ಅದಕ್ಕೂ ಇದಕ್ಕೂ ಸಂಬಂಧ ಇರತ್ತಾ?

ಬೈಪಾಸ್ ಆಗಿದ್ರೆ ಇರಬಹುದು ಅಂತಲೇ ಅಂದ್ಕೊಳ್ಳಿ. ನಂಗೆ ಮೂರನೇ ವರ್ಷದಲ್ಲಿ ಊಟ ಆಗಿ ಸ್ವಲ್ಪ ಹೊತ್ತಿಗೆ ಹೊಕ್ಕಳ ಹತ್ರ ಶುರುವಾಗಿ ಬೆನ್ನಿಗೆ ಹೊಡಿಯೋ ನೋವು, ಬಂದು ಹೋಗಿ ಮಾಡ್ತಿತ್ತು. ಒಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಎರಡು ರಾತ್ರಿ ಹೋದೆ, ಎರಡು ಸಲನೂ ಗ್ಯಾಸ್ ಅಂತ ಇಂಜೆಕ್ಷನ್ ಚುಚ್ಚಿ ಕಳಿಸಿದ್ರು, ಹೊಟ್ಟೆ ಮುಟ್ಟಿದ್ರೆ ಮೆತ್ತಗಿತ್ತು, ರಕ್ತ ಪರೀಕ್ಷೇಲಿ ಏನೂ ಇರ್ಲಿಲ್ಲ. ನಾನೂ ಪೆದ್ದ, ಬೈಪಾಸ್ ಆಗಿದೆ ಅಂತ ಕೇಳಿದ್ರೆ ಮಾತ್ರ ಹೇಳೋಣ ಅಂತಿದ್ದೆ. ಮೂರನೇ ಸಲ ಬೇರೆ ಕಡೆ ಹೋದಾಗ ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಹೊಟ್ಟೆ ಮೇಲಿನ ಐದು ಚುಕ್ಕೆ ಕಲೆ ನೋಡಿ ಇದೇನು ಅಂತ ಕೇಳಿದ್ರು, ಹೇಳಿದ ಹತ್ತು ನಿಮಿಷಕ್ಕೆ ಸ್ಕ್ಯಾನ್‌ಗೆ ಕಳಿಸಿದ್ರು. ಇಂಟರ್ನಲ್ ಹರ್ನಿಯಾ. ತೂಕ ಇಳಿದಾಗ ಕರುಳಿನ ಸುತ್ತ ಇರೋ ಕೊಬ್ಬೂ ಕರಗಿ ಜೋಡಣೆ ಹಿಂದೆ ಸಂದಿ ಬಿಟ್ಕೊಳತ್ತೆ, ಅದ್ರೊಳಗೆ ಕರುಳು ನುಗ್ಗಿ ತಿರುಚ್ಕೊಳತ್ತೆ, ತಡ ಆದ್ರೆ ಆ ಕರುಳು ಕೊಳೀತದೆ. ಆ ರಾತ್ರಿನೇ ಒಳಗೆ ಕರ್ಕೊಂಡು ಹೋಗಿ ಬಿಡಿಸಿ ಸಂದಿ ಹೊಲಿದ್ರು.

ಈಗ ಪರ್ಸಲ್ಲಿ ಒಂದು ಕಾರ್ಡ್ ಇಟ್ಕೊಂಡಿದೀನಿ. ಒಂದು ಕಡೆ ನನ್ನ ಸರ್ಜನ್ ಪೆನ್ನಲ್ಲಿ ಬರೆದುಕೊಟ್ಟ ವೈ ಚಿತ್ರ, ಆಪರೇಷನ್ ತಾರೀಕು. ಇನ್ನೊಂದು ಕಡೆ ನಾನೇ ದೊಡ್ಡಕ್ಷರದಲ್ಲಿ ಬರೆದಿದ್ದು: ಬೈಪಾಸ್ ಆಗಿದೆ, ನೋವಿನ ಮಾತ್ರೆ ಬೇಡ, ಮೂಗಿಂದ ಟ್ಯೂಬ್ ಹಾಕೋ ಮುಂಚೆ ಸರ್ಜನ್‌ನ ಕೇಳಿ, ವಾಂತಿ ಇದ್ರೆ ಮೊದಲು ಥಯಾಮಿನ್.